ಬರ್ಚ್ ಕಡ್ಡಿ ನೆಟ್ಟ ಹುಲ್ಲುಗಾವಲು

ಎಲ್ಕ್ ತಾಯಿ ತನ್ನ ಎಳೆಮರಿಯ ಪಕ್ಕದಲ್ಲೇ ನಿಂತು ಕಾಯುವುದಿಲ್ಲ. ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ, ಆಚೆ ಪೊದೆಯ ಮರೆಯಲ್ಲಿ ಮೇಯುತ್ತಿರುತ್ತದೆ. ಕುದುರೆಯೆತ್ತರದ, ಜೋಲುಮೂತಿಯ ಈ ಜಿಂಕೆ ಜಾತಿಯ ಪ್ರಾಣಿಯನ್ನು ನೋಡಲೆಂದೇ ನಾನೂರು ಕಿಲೋಮೀಟರ್ ಕಾರು ಓಡಿಸಿಕೊಂಡು ಬರುವವರಿಗೆ ಇಷ್ಟಾದರೂ ಗೊತ್ತಿರಬೇಕು. ಗೊತ್ತಿರುವುದಿಲ್ಲ.

ಲೆಯೊಕಾದಿಯಾಳಿಗೆ ಎಪ್ಪತ್ತೊಂದು ವರ್ಷ. ಪೋಲೆಂಡಿನ ಬಿಯೆಬ್ಜಾ ನದಿಯ ಜೌಗಿನಂಚಿನಲ್ಲಿ ಅವಳ ಮರದ ಮನೆ; ಗಂಡ ಹೋದ ಮೇಲೆ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟಿದ್ದಾಳೆ. ಎಲ್ಕ್ ಎಲ್ಲಿ ಕಾಣುತ್ತದೆಂದು ಬಂದವರೆಲ್ಲ ಕೇಳುತ್ತಾರೆ. ಬೆಳಗಾಗುತ್ತಿದ್ದಂತೆ ಏರಿಯ ಮೇಲಿನ ಹಳೇ ರಸ್ತೆಗೆ ಹೋಗಿ, ಮೂರನೇ ಸೇತುವೆ ದಾಟಿ ಕಾರು ನಿಲ್ಲಿಸಿ, ಇಳಿಯಬೇಡಿ, ವಿಲ್ಲೋ ಪೊದೆಗಳತ್ತ ನೋಡುತ್ತ ಕೂರಿ ಎಂದು ಎಲ್ಲರಿಗೂ ಹೇಳುತ್ತಾಳೆ. ಅವಳು ಹೇಳಿದ ಕಡೆ ಸುಮ್ಮನೆ ಕೂತವರು ಎಲ್ಕ್ ಕಾಣದೆ ವಾಪಸಾದದ್ದು ಕಡಿಮೆ.

ಜೂನ್ ಮೊದಲ ವಾರ ಊರಿನವರು ಹುಲ್ಲು ಕುಯ್ಯುವ ಮುಂಚೆ, ಯಂತ್ರದ ಅಲಗಿಗೆ ಮರಿ ಸಿಗದಿರಲೆಂದು, ಸಾಲಾಗಿ ಹುಲ್ಲುಗಾವಲಲ್ಲಿ ನಡೆಯುತ್ತಿದ್ದರು, ಜೋರಾಗಿ ಮಾತಾಡುತ್ತ, ಕಾಲು ಅಪ್ಪಳಿಸುತ್ತ. ಮರಿ ಕಂಡರೆ ಅದರ ಸುತ್ತ ಬಿಳಿ ತೊಗಟೆಯ ಬರ್ಚ್ ಮರದ ನಾಲ್ಕು ಕಡ್ಡಿ ನೆಟ್ಟು, ಅಷ್ಟು ಹುಲ್ಲನ್ನು ಹಾಗೇ ಬಿಡುತ್ತಿದ್ದರು. ಕಡ್ಡಿ ನೆಟ್ಟ ಜಾಗಕ್ಕೆ ಯಾರೂ ಹೋಗುತ್ತಿರಲಿಲ್ಲ. ಯಾಕೆಂದು ಯಾರೂ ಕೇಳುತ್ತಲೂ ಇರಲಿಲ್ಲ.

ಹೋದ ವರ್ಷ ಕೆಳಗಿನ ಹುಲ್ಲುಗಾವಲಿನಲ್ಲಿ ಹುಟ್ಟಿ ಮೂರು ದಿನವಾದ ಮರಿಯೊಂದಿತ್ತು. ವಾರ್ಸಾದಿಂದ ಬಂದಿದ್ದ ಸಬೀನಾ ಮತ್ತವಳ ಗಂಡನಿಗೆ ಲೆಯೊಕಾದಿಯಾ ತಿಂಡಿ ಬಡಿಸುತ್ತ ಹೇಳಿದಳು: "ಎಲ್ಲಿ ಬೇಕಾದ್ರೂ ಸುತ್ತಾಡಿ. ಕೆಳಗಿನ ಹುಲ್ಲುಗಾವಲಲ್ಲಿ ಬರ್ಚ್ ಕಡ್ಡಿ ನೆಟ್ಟಿದೀವಿ, ಆ ಕಡೆ ಮಾತ್ರ ಹೋಗ್ಬೇಡಿ. ಮರಿ ಮಲಗಿದೆ."

ಅವಳ ಊರಿನಲ್ಲಿ ಹೀಗೆ ಹೇಳಿದರೆ ಬಾಗಿಲಿಗೆ ಬೀಗ ಹಾಕಿದ ಹಾಗೆ. ಸಬೀನಾಳ ಗಂಡ ಅದನ್ನು ವಿಳಾಸವೆಂದು ಬರೆದುಕೊಂಡ.

ಮಧ್ಯಾಹ್ನ ಕಾರು ಬಂತು. ಹಿಂದಿನ ಸೀಟಿನಲ್ಲಿ, ಜಾಕೆಟ್ಟಿನೊಳಗೆ, ಕೆಂಗಂದು ಬಣ್ಣದ ಮರಿ. ಸಬೀನಾಳ ಕಣ್ಣು ತುಂಬಿತ್ತು.

"ಅಜ್ಜಿ, ಪಾಪ, ತಬ್ಬಲಿ ಇದು! ಎರಡು ಗಂಟೆ ಪಕ್ಕದಲ್ಲೇ ಕಾದ್ವಿ. ತಾಯಿ ಬರ್ಲೇ ಇಲ್ಲ."

"ನೀವು ಪಕ್ಕದಲ್ಲಿದ್ರೆ ಅದು ಹೆಂಗಮ್ಮ ಬರತ್ತೆ?"

"ಅಂಗಡಿ ಹಾಲು ಕುಡಿಸಿದೀವಿ. ಒಂದು ಬಾಟ್ಲಿ ಪೂರ್ತಿ ಕುಡೀತು."

ಲೆಯೊಕಾದಿಯಾ ಕೈ ಒರೆಸಿಕೊಳ್ಳದೆಯೇ ಕಾರು ಹತ್ತಿದಳು. "ತಿರುಗಿಸು. ಈಗಲೇ. ಅದರಮ್ಮ ಅಲ್ಲೇ ಇರತ್ತೆ."

ತಾಯಿ ಅಲ್ಲೇ ಇತ್ತು, ಪೊದೆಯಾಚೆ. ಅದರ ಮತ್ತು ಕಡ್ಡಿಗಳ ನಡುವೆ ಏಳು ಕಾರುಗಳೂ ಇದ್ದವು. ಸಬೀನಾಳ ಗಂಡ ಬೆಳಿಗ್ಗೆಯೇ ಮರಿಯ ಚಿತ್ರವನ್ನು, ಜಾಗದ ಹೆಸರು ಸಮೇತ, ಫೋನಿನಲ್ಲಿ ಲೋಕಕ್ಕೆಲ್ಲ ಹಂಚಿದ್ದ.

ಲೆಯೊಕಾದಿಯಾ ಮರಿಯನ್ನು ಎದೆಗವಚಿಕೊಂಡು, ಏದುಸಿರು ಬಿಡುತ್ತ, ಹುಲ್ಲಿನ ನಡುವೆ ಮಲಗಿಸಿದಳು. "ಹೋಗಿ ಎಲ್ಲರೂ. ನೀವು ಹೋದ್ರೆ ಮಾತ್ರ ಅದು ಬರೋದು."

"ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬನ್ನಿ, ಅಡ್ಡ ಬರ್ತಿದೀರಿ," ಎಂದನೊಬ್ಬ, ಕ್ಯಾಮೆರಾ ಎತ್ತಿ.

ಮೈದುನ ಇಗ್ನಾತ್ಸಿ ಸುದ್ದಿ ಕೇಳಿ ಟ್ರ್ಯಾಕ್ಟರ್ ತಂದ. ಹಾರನ್ ಒತ್ತುತ್ತ ಒಂದೊಂದೇ ಕಾರನ್ನು ರಸ್ತೆಗೆ ಅಟ್ಟುವಷ್ಟರಲ್ಲಿ ಸಂಜೆ ಆರಾಗಿತ್ತು.

"ನಿನಗೆ ಬಾಯಿ ಯಾಕೆ ಬೇಕಿತ್ತು ಅತ್ತಿಗೆ?" ಎಂದ.

"ಹೋಗ್ಬೇಡಿ ಅಂದೆ ಕಣೋ."

"ಅದನ್ನೇ ಹೇಳ್ಬಾರ್ದಿತ್ತು. ಅವರಿಗೆ ಹಂಗಂದ್ರೆ ದಾರಿ ತೋರ್ಸಿದಂಗೆ."

ತಾಯಿ ಬಂತು, ಮೂಸಿತು, ನೆಕ್ಕಿತು. ಆದರೆ ಮರಿಗೆ ಆ ಹಾಲು ಒಗ್ಗಿರಲಿಲ್ಲ, ಭೇದಿ ಹತ್ತಿತು. ಮೂರನೇ ದಿನ ಅದು ಏಳಲಿಲ್ಲ. ಇಗ್ನಾತ್ಸಿ ಗುದ್ದಲಿ ತಂದರೂ ನಾಲ್ಕು ದಿನ ಹೂಳಲಾಗಲಿಲ್ಲ, ತಾಯಿ ಕದಲಿದರೆ ತಾನೆ. ಲೆಯೊಕಾದಿಯಾ ರಸ್ತೆಯ ಮೇಲಿಂದ ನೋಡುತ್ತಿದ್ದಳು. ಊಟ ಸೇರಲಿಲ್ಲ.

ಅಷ್ಟರಲ್ಲಿ ಸಬೀನಾ ಊರು ಸೇರಿ ಅಂತರ್ಜಾಲದಲ್ಲಿ ಬರೆದಿದ್ದಳು: "ಮನೆಯಾಕೆ ಸಿಡುಕಿ. ಆದರೆ ಎಲ್ಕ್ ಮರಿಯನ್ನು ಮುಟ್ಟುವ ಭಾಗ್ಯ ಸಿಕ್ಕಿತು!" ಐದಕ್ಕೆ ನಾಲ್ಕು ಚುಕ್ಕಿ. ಮುಂದಿನ ಜೂನ್‌ಗೆ ಕೋಣೆಗಳು ಎರಡೇ ವಾರದಲ್ಲಿ ತುಂಬಿದವು. ಕಾದಿರಿಸಿದವರೆಲ್ಲ ಮರಿ ಮುಟ್ಟಲು ಹೊರಟವರೇ.

ಅವಳು ಅಷ್ಟೂ ಜನಕ್ಕೆ ಬರಬೇಡಿ ಎಂದು ಬರೆದಳು. ಈಗ ಊರಿನವರು ಕಡ್ಡಿ ನೆಡುವುದನ್ನೇ ಬಿಟ್ಟಿದ್ದಾರೆ. ಮರಿ ಕಂಡರೆ ಲೆಯೊಕಾದಿಯಾಳಿಗೆ ಹೇಳುತ್ತಾರೆ. ಹುಲ್ಲು ಕುಯ್ಯುವಾಗ ಅವಳೇ ಟ್ರ್ಯಾಕ್ಟರಿನ ಮುಂದೆ ನಡೆದು ಜಾಗ ತೋರಿಸುತ್ತಾಳೆ. ಮಿಕ್ಕ ಹೊತ್ತು ರಸ್ತೆಯ ತಿರುವಿನಲ್ಲಿ ಮಣೆ ಹಾಕಿಕೊಂಡು, ನೋಯುವ ಮಂಡಿಗೆ ಶಾಲು ಸುತ್ತಿ, ಮರಿ ತಾಯಿಯ ಹಿಂದೆ ನಡೆಯುವ ತನಕ ಕಾಯುತ್ತಾಳೆ. ಇಲ್ಲೇನಿದೆ ಎಂದು ಯಾರಾದರೂ ಕಾರು ನಿಲ್ಲಿಸಿ ಕೇಳಿದರೆ, ಏನೂ ಇಲ್ಲ ಎನ್ನುತ್ತಾಳೆ. ಎಪ್ಪತ್ತು ವರ್ಷ ಸುಳ್ಳಾಡದ ಹೆಂಗಸಿಗೆ ಅದನ್ನು ಕಲಿಸಿದವರು ನಾವು.

ನಿಮ್ಮ ಫೋನು ತೆಗೆಯಿರಿ. ಯಾವುದೇ ಕಾಡುಮರಿಯ ಚಿತ್ರದ ಕೆಳಗೆ ನೀವು ಜಾಗದ ಹೆಸರು ಹಾಕಿದ್ದರೆ, ಈಗಲೇ ಅಳಿಸಿ.