ಮಾವನದಲ್ಲದ ಗೆರೆ

ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ಎಡಚ. ಸೈನ್ಯಕ್ಕೆ ಸೇರುವ ಮೊದಲು ದರ್ಜಿ. ಅಳತೆಪಟ್ಟಿ ಇಡದೆಯೇ ಬಟ್ಟೆಯ ಮೇಲೆ ಬಲದಿಂದ ಎಡಕ್ಕೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಶುರುವಿನಲ್ಲಿ ದಪ್ಪ, ಕೊನೆಗೆ ಕೂದಲೆಳೆ. ಅದರ ಮೇಲೆ ಅವನ ಹೆಂಡತಿ, ನಮ್ಮತ್ತೆ, ಕತ್ತರಿ ಓಡಿಸುತ್ತಿದ್ದಳು. ಅವಳದು ಮುಖಕ್ಕೆ ಹೊಡೆದ ಹಾಗೆ ಮಾತು. "ಹೊಟ್ಟೆ ಬಂದಿದೆ, ಹಳೇ ಅಳತೆ ನಡೆಯಲ್ಲ" ಎಂದು ಗಿರಾಕಿಗೇ ಹೇಳಿಬಿಡುವಳು.

ಯುದ್ಧದಲ್ಲಿ ಮಾವ ಸೆರೆಸಿಕ್ಕ. ಆಮೇಲೆ ತಿಂಗಳಿಗೊಂದು ಅಚ್ಚಾದ ಕಾರ್ಡು ಬರುತ್ತಿತ್ತು. ಅದರಲ್ಲಿ ಎರಡೇ ಸಾಲು: 'ಆರೋಗ್ಯವಾಗಿದ್ದೇನೆ', 'ಕಾಯಿಲೆಯಲ್ಲಿದ್ದೇನೆ'. ಸಲ್ಲದ್ದನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಬೇಕು, ಬೇರೇನೂ ಬರೆಯುವಂತಿಲ್ಲ. ಪ್ರತಿ ಸಲವೂ ಕಾಯಿಲೆಯ ಸಾಲಿಗೇ ಗೆರೆ ಬಿದ್ದಿರುತ್ತಿತ್ತು. ಮಾವನ ಅಮ್ಮನಿಗೆ, ಅಂದರೆ ನಮ್ಮಜ್ಜಿಗೆ, ಅಷ್ಟೇ ಸಾಕು. ಅತ್ತೆ ಮಾತ್ರ ಗೆರೆಯನ್ನೇ ನೋಡುತ್ತಿದ್ದಳು. ಮೂರನೆಯ ಕಾರ್ಡಿನಲ್ಲಿ ಅದು ನಡುಗಿತ್ತು. ನಾಲ್ಕನೆಯದರಲ್ಲಿ ಪದದ ನಡುವೆಯೇ ನಿಂತಿತ್ತು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಸಾಕು, ಅವಳು ಹೊಲಿಗೆ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು.

ಐದನೆಯದರಲ್ಲಿ ಗೆರೆ ನೆಟ್ಟಗಿತ್ತು.

"ನೋಡೇ, ನನ್ ಮಗನ ಕೈಗೆ ಬಲ ಬಂದಿದೆ!" ಅಜ್ಜಿ ಕಾರ್ಡನ್ನು ಕಣ್ಣಿಗೊತ್ತಿಕೊಂಡಳು.

ಅತ್ತೆ ಅದನ್ನು ಇಸಿದುಕೊಂಡು, ನನ್ನನ್ನೂ ಹೊಲಿಗೆ ಕೋಣೆಗೆ ಎಳೆದೊಯ್ದು ಬಾಗಿಲು ಹಾಕಿದಳು.

"ದಪ್ಪ ಯಾವ ಕಡೆ ಇದೆ? ನೀನೇ ಹೇಳು."

"ಎಡಗಡೆ, ಅತ್ತೆ."

"ಇದು ಬಲಗೈಯವರು ಎಳೆದಿದ್ದು ಕಣೇ. ನಿಮ್ ಮಾವ ಇನ್ನಿಲ್ಲ ಅನ್ಸುತ್ತೆ. ಅಜ್ಜಿ ಹತ್ರ ತುಟಿ ಪಿಟಕ್ಕನ್ಬೇಡ."

ಇನ್ನೂ ಮೂರು ಕಾರ್ಡು ಬಂದವು. ಅಜ್ಜಿ ನಕ್ಕಾಗಲೆಲ್ಲ ನಾವೂ ನಕ್ಕೆವು. ಅಜ್ಜಿ ನಮ್ಮ ಮುಖ ಓದಿಬಿಟ್ಟರೆ ಎಂಬ ಭಯ ನನಗೆ. ತನ್ನ ಊಹೆ ನಿಜವಾಗಿಬಿಟ್ಟರೆ ಎಂಬ ಭಯ ಅತ್ತೆಗೆ. ಬೆಳಗ್ಗೆಯಿಂದ ಸಂಜೆಯವರೆಗೆ ಹೊಲಿಗೆ ಯಂತ್ರ ತುಳಿಯುತ್ತಲೇ ಇರುತ್ತಿದ್ದಳು, ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

ಯುದ್ಧ ಮುಗಿದು ಸೆರೆಯಾಳುಗಳು ಮರಳಿದಾಗ, ಮಾವನ ಜೊತೆಗಿದ್ದ ಸಿಪಾಯಿಯೊಬ್ಬ ಬಂದು ಹೊಸ್ತಿಲಾಚೆಯೇ ನಿಂತ.

"ಜ್ವರದಲ್ಲಿ ಹೋದ ಅಕ್ಕಾ. ಸತ್ತವರ ಸುದ್ದಿ ಕ್ಯಾಂಪಿನವರು ಹೊರಗೆ ಬಿಡ್ತಿರ್ಲಿಲ್ಲ. 'ಕಾರ್ಡು ನಿಂತ್ರೆ ಮನೇಲಿ ಹೆದರ್ಕೋತಾರೆ, ನೀನೇ ಹಾಕ್ತಿರು' ಅಂದಿದ್ದ. ಕೊನೇ ನಾಲ್ಕು ನಾನು ಹಾಕಿದ್ದು. ಕೈ ನಡುಗದ ಹಾಗೆ, ಉಸಿರು ಬಿಗಿಹಿಡಿದು ಗೆರೆ ಎಳೀತಿದ್ದೆ." ಅವನು ತಲೆಯೆತ್ತಿದ. "ಅದನ್ನ ನೋಡಿ ನಿಮ್ಗೆ ಸ್ವಲ್ಪ ಧೈರ್ಯ ಬರ್ತಿತ್ತಾ?"

ಅತ್ತೆ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬರ್ತಿತ್ತಪ್ಪ," ಎಂದಳು. ಒಳಗಿನಿಂದ ಅಜ್ಜಿ, ಯಾರು ಬಂದದ್ದೆಂದು ಕೂಗಿ ಕೇಳಿದಳು. ಅತ್ತೆ ದನಿ ತಗ್ಗಿಸಿದಳು. "ಅವರಮ್ಮಂಗೆ ಹೇಳ್ಬೇಕು. ನೀನೂ ಒಳಗೆ ಬಾ. ನಂಗೆ ಒಬ್ಬಳಿಗೇ ಭಯ ಆಗುತ್ತೆ."