ಕಾಟು ಹೊಡೆದ ಸಾಲುಗಳು

ಅದಿರಿನ ಲಾರಿಗಳು ಹೊಸಪೇಟೆಯನ್ನು ಕೆಂಪು ಮಾಡಿದ್ದ ವರ್ಷಗಳವು. ಊರಿಗೆ ಊರೇ ಲಾರಿಯ ಹಿಂದೆ ಬಿದ್ದಿದ್ದಾಗ ನಾನು ಮಾತ್ರ ಅಮೆರಿಕದ ಯಾವನೋ ಸತ್ತ ಅಧಿಕಾರಿಯ ಹಿಂದೆ ಬಿದ್ದಿದ್ದೆ. ನಗಬೇಡಿ, ಅದೇ ನನ್ನ ನೌಕರಿ. ಬಸ್ ಸ್ಟ್ಯಾಂಡ್ ಹತ್ತಿರದ ಕೋಣೆಯೊಂದರಲ್ಲಿ ನಾಲ್ಕು ಕಂಪ್ಯೂಟರ್. ನೂರು ವರ್ಷಕ್ಕೂ ಹಿಂದೆ ಆ ಮನುಷ್ಯ ಬರೆದ ಪತ್ರಗಳ ಫೋಟೋಗಳು ಅಮೆರಿಕದಿಂದ ಬರುತ್ತಿದ್ದವು. ನೋಡಿ ಟೈಪ್ ಮಾಡಿ ಕಳಿಸಬೇಕು.

ಅಬ್ಬಬ್ಬಾ, ಎಂಥೆಂಥ ಪತ್ರಗಳು! ಪೋಸ್ಟ್ ಮಾಸ್ತರಿಕೆ ಕೊಡಿಸಿ ಅನ್ನುವವರಿಗೆ, ಸುಂಕದ ಕಟ್ಟೆಯಲ್ಲಿ ಅಳಿಯನಿಗೊಂದು ಜಾಗ ಕೇಳಿದವರಿಗೆ, ಎಲೆಕ್ಷನ್ನಿನಲ್ಲಿ ನಿಮ್ಮ ಪಕ್ಷಕ್ಕಾಗಿ ದುಡಿದಿದ್ದೇವೆ ಎಂದು ನೆನಪಿಸಿದವರಿಗೆ ಅವನು ಬರೆದ ಉತ್ತರದ ಕರಡುಗಳು. ನಮ್ಮೂರ ಲೀಡರ ಮನೆ ಮುಂದೆ ಬೆಳಿಗ್ಗೆ ನಿಲ್ಲುವ ಜನವೇ ಕೋಟು ತೊಟ್ಟು ಬಂದ ಹಾಗಿತ್ತು.

ಒಂದು ಶನಿವಾರ ನಾನು ಟೈಪ್ ಮಾಡಿ ಕಳಿಸಿದ್ದ ಕಟ್ಟು ಪೂರ್ತಿ ವಾಪಸ್ ಬಂತು. ಆ ಮನುಷ್ಯ ಬೇಡವೆಂದು ಗೀಟೆಳೆದು ಕಾಟು ಹೊಡೆದ ಸಾಲುಗಳನ್ನು ನಾನು ಟೈಪ್ ಮಾಡಿರಲಿಲ್ಲ. ಮಾಡುವುದಾದರೂ ಯಾಕೆ? ಅಪ್ಪ ಮೂವತ್ತು ವರ್ಷ ತಾಲೂಕು ಕಚೇರಿ ಮುಂದೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಅರ್ಜಿ ಬರೆದವರು, ನನಗೆ ಟೈಪಿಂಗ್ ಕಲಿಸಿದವರು. “ಕಾಟು ಹೊಡದದ್ದು ಸತ್ತಂಗ, ಅದನ್ನ ಮತ್ತ ಎಬ್ಬಿಸಬಾರ್ದು” ಎನ್ನುವುದು ಅವರ ಶಾಸ್ತ್ರ. ಅಮೆರಿಕದವರಿಗೆ ಅದೇ ಬೇಕಂತೆ! ಸೋಮವಾರದೊಳಗೆ ಸರಿಮಾಡದಿದ್ದರೆ ನಿನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದರು ಸೂಪರ್‌ವೈಸರ್. ಡಿಗ್ರಿ ಮುಗಿಸಿ ಮೂರು ವರ್ಷ ಅಲೆದ ಮೇಲೆ ಸಿಕ್ಕಿದ್ದ ನೌಕರಿ.

ಭಾನುವಾರ ಬೆಳಿಗ್ಗೆ ಚಿತ್ತವಾಡ್ಗಿಯ ಮನೆಯಿಂದ ಅಪ್ಪನನ್ನೇ ಆಟೋದಲ್ಲಿ ಆಫೀಸಿಗೆ ಕರೆದೊಯ್ದೆ. ಜನರ ಗೀಚಾಟ ಓದಿ ಪಳಗಿದ ಕಣ್ಣು ಅವರದು. ಸ್ಕ್ರೀನಿನ ಕೆಂಧೂಳನ್ನು ಟವೆಲಿನಿಂದ ಒರೆಸಿ, “ಎಲ್ಲದಾನ, ತೋರ್ಸು ನಿನ್ನ ಸಾಹೇಬನ್ನ” ಎಂದು ಕುಳಿತರು. ಅವರು ಓದಿದರು, ನಾನು ಟೈಪ್ ಮಾಡುತ್ತಾ ಹೋದೆ.

ಮಧ್ಯಾಹ್ನದ ಹೊತ್ತಿಗೆ ಒಂದು ಕರಡು ಬಂತು. ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡ ಹೆಂಗಸೊಬ್ಬಳು ಊರಿನ ಅಂಚೆ ಕಚೇರಿಯ ಕೆಲಸ ಕೇಳಿದ್ದಳು. ಉತ್ತರ ಒಂದೇ ಸಾಲು, ಜಾಗ ಖಾಲಿಯಿಲ್ಲ ಎಂದು. ಅದರ ಮೇಲಿನ ನಾಲ್ಕು ಸಾಲಿಗೆ ಕಾಟು. ಅಪ್ಪ ಮೂಗು ತಾಗುವಷ್ಟು ಬಾಗಿ ಒಂದೊಂದೇ ಪದ ಬಿಡಿಸಿದರು. ಜಾಗವಿದೆ, ಆದರೆ ಪಕ್ಷದವನೊಬ್ಬನಿಗೆ ಕೊಡಲೇಬೇಕಾಗಿದೆ, ನಿಮ್ಮ ಪತ್ರ ಓದಿ ನಿದ್ದೆ ಬಂದಿಲ್ಲ, ನನಗೆ ನಾಚಿಕೆಯಾಗಿದೆ ಎಂದಿತ್ತು.

ಸಮುದ್ರದಾಚೆಯ ದೊಡ್ಡ ಮನುಷ್ಯನೊಬ್ಬ ಯಾರ ಕಣ್ಣಿಗೂ ಬೀಳದಿರಲಿ ಎಂದು ಮುಚ್ಚಿಟ್ಟದ್ದನ್ನು ಹೊಸಪೇಟೆಯ ಅಪ್ಪ ಮಗಳು ಕೂತು ಓದುತ್ತಿದ್ದೆವು! ಅಪ್ಪ ಕನ್ನಡಕ ತೆಗೆದರು. ಸರ್ಕಾರದಿಂದ ‘ಆಗುವುದಿಲ್ಲ’ ಎಂದು ಬಂದ ಕಾಗದಗಳನ್ನು ಓದು ಬಾರದ ಜನರಿಗೆ ಓದಿ ಹೇಳಿದ್ದೂ ಅವರೇ. ಎಷ್ಟು ಜನ ಎದುರಿಗೇ ಅತ್ತಿದ್ದರೋ!

“ಮನಸಿತ್ತವ್ವಾ ಆ ಮನುಷ್ಯಾಗ” ಎಂದರು.

ಸೋಮವಾರ ಕಟ್ಟು ಪಾಸಾಯಿತು, ನೌಕರಿ ಉಳಿಯಿತು. ಆದರೆ ಭಾನುವಾರದ ಆ ಗಳಿಗೆಯಲ್ಲಿ ನನಗಿದ್ದದ್ದು ಆತುರ ಒಂದೇ. “ಅಪ್ಪಾ, ಜಲ್ದಿ, ಇನ್ನ ಭಾಳ ಅದಾವು” ಎಂದೆ.

“ತಡಿ,” ಎಂದರು ಅಪ್ಪ. “ಇದನ್ನ ಸಾವಕಾಶ ಟೈಪ್ ಮಾಡು, ಒಂದು ತಪ್ಪೂ ಬ್ಯಾಡ. ಈ ಮಾತು ಆಕಿಗಂತೂ ಮುಟ್ಲಿಲ್ಲ.”