ಪಕ್ಕದ ಸೀಟಿನ ತಾಯಿ

“ಅದ ನಿಲ್ಸವ್ವ, ನಿನ್ ದಮ್ಮಯ್ಯ” ಎನ್ನುತ್ತಾ ಪಕ್ಕದ ಸೀಟಿನ ಹಿರಿಯ ಹೆಂಗಸು ನನ್ನ ಮೊಬೈಲಿನ ಮೇಲೆ ಕೈಯಿಟ್ಟೇಬಿಟ್ಟರು. ಅಕ್ಕಿಹೆಬ್ಬಾಳಿನಲ್ಲಿ ರೈಲು ಹತ್ತಿದಾಗಿನಿಂದ ನಾನು ಸುದ್ದಿಗಳನ್ನೇ ನೋಡುತ್ತಿದ್ದೆ. ಯುದ್ಧ, ಕೊಲೆ, ಆಮೇಲೆ ಎಲ್ಲೋ ಲಾರಿ ಗುದ್ದಿ ಬೈಕ್ ಸವಾರ ಸತ್ತ ದೃಶ್ಯ. ಅದರ ಚೀರಾಟ ಅವರಿಗೂ ಕೇಳಿಸಿತ್ತು.

ಸಿಟ್ಟಿನಿಂದ ತಿರುಗಿ ನೋಡಿದೆ. ಅವರು ಕೈ ತೆಗೆಯಲಿಲ್ಲ.

“ನನ್ ಮಗ ಸತ್ತಾಗ್ಲೂ ಇಂಗೇ ತೋರ್ಸುದ್ರು ಕಣವ್ವ. ಊರೋರೆಲ್ಲ ನೋಡುದ್ರು. ನಾನೂ ನನ್ ಸೊಸೆನೂ ನೋಡ್ಬುಟ್ಟೊ.”

ನಾನು ಫೋನನ್ನು ಬ್ಯಾಗಿಗೆ ಹಾಕಿ ಕ್ಷಮೆ ಕೇಳಿದೆ. ಎಲ್ಲಿಗೆ ಹೊರಟಿದ್ದೀರಿ ಎಂದು ವಿಚಾರಿಸಿದೆ. ಮದುವೆ ಸೀರೆ ತರಲು ಮೈಸೂರಿಗೆ ಎಂದರು. ಯಾರ ಮದುವೆ ಎಂದೆ.

“ಸೊಸೆದೇ ಕಣವ್ವ. ಅವ್ಳು ಒಲ್ಲೆ ಒಲ್ಲೆ ಅಂದ್ಲು. ನಾನೇ ಗಂಡು ನೋಡಿ ಒಪ್ಸಿವ್ನಿ. ಇನ್ನೂ ಚಿಕ್ ವಯ್ಸು ಅವ್ಳ್ದು, ಬಾಳ್ಲಿ.”

ಹೇಳುತ್ತಲೇ ಅವರಿಗೆ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, ಸೊಸೆ ತುಸು ಕಪ್ಪು, ಅವಳಿಗೆ ಯಾವ ಬಣ್ಣ ಒಪ್ಪೀತು ಎಂದು ನನ್ನನ್ನೇ ಕೇಳಿದರು. ಮೈಸೂರು ಬರುವವರೆಗೂ ನಾವಿಬ್ಬರೂ ಸೀರೆಯ ಬಣ್ಣ, ಅಂಚು, ಸೆರಗಿನ ಮಾತನ್ನೇ ಆಡಿದೆವು.

ಸುದ್ದಿ ನೋಡುವುದನ್ನು ನಾನು ಬಿಟ್ಟಿಲ್ಲ. ಆದರೆ ಅದನ್ನೆಲ್ಲ ನೋಡಿ ಲೋಕವೇ ಮುಗಿದುಹೋಯಿತು ಅನ್ನಿಸಿದಾಗ ಆ ತಾಯಿ ನೆನಪಾಗುತ್ತಾರೆ. ಅವರ ಲೋಕ ನಿಜಕ್ಕೂ ಮುಗಿದಿತ್ತು. ಆದರೂ ಅವರು ಸೊಸೆಗೆ ಸೀರೆ ತರಲು ಬೆಳಿಗ್ಗೆಯೇ ಎದ್ದು ರೈಲು ಹತ್ತಿದ್ದರು.